ಲೋಳೆಸರ ಹೊಟ್ಟೆಗೆ ತಗೊಳ್ಳೋರಿಗೆ ಸಮಗ್ರ ಮಾರ್ಗದರ್ಶಿ: ಎಲೆ ಕೊಯ್ಯೋದ್ರಿಂದ ತಂಬುಳಿವರೆಗೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಯಾವ ಕಡೆ ಹೋದ್ರೂ ಮನೆ ಅಂಗಳದಲ್ಲಿ ಒಂದು ಲೋಳೆಸರದ ಗಿಡ ಇದ್ದೇ ಇರ್ತದೆ, ತುಳಸಿಕಟ್ಟೆ ಪಕ್ಕದಲ್ಲೋ, ಬಾವಿಕಟ್ಟೆ ಹತ್ರನೋ, ಏನಿಲ್ಲ ಅಂದ್ರೆ ಒಡೆದ ಬಕೆಟ್ಟಲ್ಲಾದ್ರೂ. ಮುಂಚೆಲ್ಲ ಕೈ ಸುಟ್ಕೊಂಡ್ರೆ ಹಚ್ಚೋಕೆ, ತಲೆಗೆ ಹಾಕ್ಕೊಳ್ಳೋಕೆ ಅಷ್ಟೇ ನೆನಪಾಗ್ತಿದ್ದ ಗಿಡ, ಈಗ ವಾಟ್ಸಾಪ್ ಪುಣ್ಯದಿಂದ ಸೀದಾ ಹೊಟ್ಟೆಗೇ ಇಳಿದಿದೆ. "ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಎಲೆ ರುಬ್ಬಿ ಕುಡೀರಿ, ಗ್ಯಾಸು ಅಸಿಡಿಟಿ ಮಲಬದ್ಧತೆ ಎಲ್ಲಾ ಮಾಯ" ಅನ್ನೋ ಮೆಸೇಜು ನಿಮಗೂ ಬಂದಿರ್ತದೆ. ಅದ್ರಲ್ಲಿ ಅರ್ಧ ಸತ್ಯ ಇದೆ, ಆದ್ರೆ "ಒಂದು ಎಲೆ ರುಬ್ಬಿ" ಅನ್ನೋ ಭಾಗ ಇದ್ಯಲ್ಲ, ಅದೇ ಅಪಾಯದ್ದು. ಪೂರ್ತಿ ಎಲೆ ಮಿಕ್ಸಿಗೆ ಹಾಕ್ಬಾರ್ದು. ಯಾಕೆ ಅಂತ ಮೊದ್ಲು ಹೇಳಿ ಆಮೇಲೆ ಹೆಂಗೆ ತಗೊಳ್ಳೋದು ಅಂತ ಒಂದೊಂದೇ ಹಂತ ಬರೀತೀನಿ.

ಎಲೆ ಒಳಗೆ ಎಂತ ಇದೆ

ಲೋಳೆಸರದ ಎಲೆ ಅಡ್ಡ ಕೊಯ್ದು ನೋಡಿ, ಮೂರು ಪದರ ಕಾಣ್ತದೆ. ಹೊರಗೆ ದಪ್ಪ ಹಸಿರು ಸಿಪ್ಪೆ, ಮಧ್ಯದಲ್ಲಿ ಪಾರದರ್ಶಕ ಲೋಳೆ, ಇವೆರಡರ ನಡುವೆ ಸಿಪ್ಪೆಗೆ ಅಂಟ್ಕೊಂಡು ತೆಳ್ಳಗೆ ಒಂದು ಹಳದಿ ರಸ. ಕೊಯ್ದ ತಕ್ಷಣ ತುದಿಯಿಂದ ಜಿನುಗೋದು ಆ ಹಳದಿ ರಸನೇ, ಬಟ್ಟೆಗೆ ತಾಗಿದ್ರೆ ಕಲೆ ಹೋಗಲ್ಲ, ನಾಲಿಗೆಗೆ ತಾಗಿದ್ರೆ ಮುಖ ಹಿಂಡೋಷ್ಟು ಕಹಿ.

ಮಧ್ಯದ ಲೋಳೆಯಲ್ಲಿ ನೂರಕ್ಕೆ 98-99 ಭಾಗ ಬರೀ ನೀರು. ಉಳಿದ ಒಂದೆರಡು ಭಾಗದಲ್ಲಿ ಅಸೆಮನ್ನಾನ್ ಅನ್ನೋ ಉದ್ದ ಸರಪಳಿಯ ಸಕ್ಕರೆ ಪದಾರ್ಥ, ಸ್ವಲ್ಪ ಖನಿಜ, ಇನ್ನೂ ಏನೇನೋ ಚೂರುಪಾರು. ಆ ಜಾರು ಗುಣ ಬರೋದು ಈ ಅಸೆಮನ್ನಾನ್ ತರದ ಪದಾರ್ಥಗಳಿಂದನೇ. ಇದು ಸೌಮ್ಯವಾದ ಆಹಾರ ಅಂದ್ಕೊಳ್ಳಿ, ಔಷಧಿ ಅನ್ನೋಷ್ಟು ಜೋರೇನಿಲ್ಲ.

ಹಳದಿ ರಸದ ಕತೆನೇ ಬೇರೆ. ಅದ್ರಲ್ಲಿ ಅಲೋಯಿನ್ ಅನ್ನೋ ರಾಸಾಯನಿಕ ಇರ್ತದೆ, ಇದು ಹೊಟ್ಟೆ, ಸಣ್ಣ ಕರುಳು ದಾಟಿ ಹೆಚ್ಚುಕಮ್ಮಿ ಹಂಗೇ ದೊಡ್ಡ ಕರುಳಿಗೆ ಹೋಗ್ತದೆ, ಅಲ್ಲಿರೋ ಬ್ಯಾಕ್ಟೀರಿಯಾಗಳು ಅದನ್ನ ಒಡೆದು ಬೇರೆ ರೂಪಕ್ಕೆ ತರ್ತಾವೆ, ಆ ರೂಪ ಕರುಳಿನ ಗೋಡೆಯನ್ನ ಕೆಣಕ್ತದೆ, ಆಗ ದೊಡ್ಡ ಕರುಳು ನೀರು ಹೀರೋದು ಕಡಿಮೆ ಮಾಡಿ ಒಳಗಿರೋದನ್ನ ಜೋರಾಗಿ ಮುಂದಕ್ಕೆ ತಳ್ತದೆ. ಇದೆಲ್ಲ ಆಗೋಕೆ ಸುಮಾರು 6ರಿಂದ 12 ಗಂಟೆ ಬೇಕು, ಅದಕ್ಕೇ ರಾತ್ರಿ ಕುಡಿದವ್ರಿಗೆ ಬೆಳಿಗ್ಗೆ ಓಡಾಟ. "ಹೊಟ್ಟೆ ಪೂರ್ತಿ ಕ್ಲೀನ್ ಆಯ್ತು ಮಾರಾಯ್ರೆ" ಅಂತ ಖುಷಿಪಡ್ತಾರಲ್ಲ, ಅದು ಕ್ಲೀನ್ ಆಗಿದ್ದಲ್ಲ, ಬಲವಂತದ ಭೇದಿ ಅಷ್ಟೇ.

ಒಂದಿನ ಆದ್ರೆ ಸುಧಾರಿಸ್ಕೊಳ್ತದೆ. ದಿನಾ ಮಾಡಿದ್ರೆ ಹೊಟ್ಟೆ ನುಲಿಯೋದು, ದೇಹದ ಪೊಟ್ಯಾಸಿಯಂ ಸೋರಿ ಹೋಗೋದು, ಸುಸ್ತು, ಕೊನೆಗೆ ಅದಿಲ್ದೆ ಕರುಳು ಅಲ್ಲಾಡೋದೇ ಇಲ್ಲ ಅನ್ನೋ ಸ್ಥಿತಿ. ದಿನಕ್ಕೆ ಒಂದು ಗ್ರಾಂನಷ್ಟು ಒಣ ಹಳದಿ ರಸ ಕೆಲವು ದಿನ ಸತತ ತಗೊಂಡ್ರೆ ಕಿಡ್ನಿಗೇ ಏಟು ಬೀಳೋ ಅಪಾಯ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಈ ಹಳದಿ ರಸದ ಭೇದಿ ಔಷಧಿಗಳನ್ನ ಡಾಕ್ಟ್ರ ಚೀಟಿ ಇಲ್ದೆ ಮಾರೋದನ್ನ ನಿಲ್ಲಿಸ್ತು, ಸುರಕ್ಷಿತ ಅಂತ ತೋರಿಸೋ ಮಾಹಿತಿ ಕಂಪನಿಗಳು ಕೊಡ್ಲೇ ಇಲ್ಲ ಅನ್ನೋ ಕಾರಣಕ್ಕೆ. ಆಮೇಲೆ ಪೂರ್ತಿ ಎಲೆಯ ಸಾರವನ್ನ (ಹಳದಿ ಅಂಶ ತೆಗೀದೇ ಇರೋದು) ಕುಡಿಯೋ ನೀರಿಗೆ ಹಾಕಿ ಇಲಿಗಳಿಗೆ ಎರಡು ವರ್ಷ ಕೊಟ್ಟು ನೋಡಿದ್ರು, ಅವುಗಳ ದೊಡ್ಡ ಕರುಳಲ್ಲಿ ಗಡ್ಡೆ ಬಂತು. ಅದರ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪೂರ್ತಿ ಎಲೆಯ ಸಾರವನ್ನ 2ಬಿ ಗುಂಪಿಗೆ ಸೇರಿಸ್ತು, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದಾದದ್ದು. ಇಲಿಗೆ ಆಗಿದ್ದು ನಮಗೂ ಆಗೇ ಆಗ್ತದೆ ಅಂತಲ್ಲ, ಮತ್ತೆ ಆ ಪರೀಕ್ಷೆ ತೊಳೆದ ಲೋಳೆಯ ಮೇಲೆ ನಡೆದಿದ್ದೂ ಅಲ್ಲ. ಆದ್ರೆ ಮನೇಲಿ ಸಿಪ್ಪೆ ಸಮೇತ ರುಬ್ಬಿದ್ರೆ ನಾವು ಮಾಡ್ಕೊಳ್ಳೋದು ಅದೇ ಪೂರ್ತಿ ಎಲೆಯ ಸಾರ ಅಲ್ವಾ.

ಹಂಗಾಗಿ ಕೆಳಗಿನ ಹಂತಗಳಲ್ಲಿ ಎಲ್ಲಾ ಕಸರತ್ತೂ ಒಂದೇ ಕೆಲಸಕ್ಕೆ, ಹಳದಿಯನ್ನ ಹೊರಗಿಟ್ಟು ಲೋಳೆಯನ್ನ ಮಾತ್ರ ಒಳಗೆ ಕಳಿಸೋದು.

ಹಂತ 1: ನಿಮಗೆ ಇದು ಆಗ್ತದಾ ನೋಡ್ಕೊಳ್ಳಿ

ಗರ್ಭಿಣಿಯರು ತಗೊಳ್ಳೋದೇ ಬೇಡ, ಹಳದಿ ರಸ ಗರ್ಭಕೋಶವನ್ನೂ ಕೆಣಕಬಹುದು, ತೊಳೆದ್ರೂ ಚೂರು ಉಳಿದಿರ್ತದೆ. ಹಾಲು ಕುಡಿಸೋ ತಾಯಂದ್ರೂ ಬಿಡಿ. 12 ವರ್ಷದ ಒಳಗಿನ ಮಕ್ಕಳಿಗೆ ಕೊಡ್ಬೇಡಿ. ಕಿಡ್ನಿ ತೊಂದರೆ ಇದ್ರೆ, ಲಿವರ್ ತೊಂದರೆ ಇದ್ರೆ, ಮೂಲವ್ಯಾಧಿಲಿ ರಕ್ತ ಹೋಗ್ತಿದ್ರೆ, ಕರುಳು ಕಟ್ಟಿದ ಇತಿಹಾಸ ಇದ್ರೆ ಬೇಡ. ಈರುಳ್ಳಿ ಬೆಳ್ಳುಳ್ಳಿ ಮುಟ್ಟಿದ್ರೆ ಅಲರ್ಜಿ ಆಗೋರು ಕೂಡ ಜಾಗ್ರತೆ.

ಮಾತ್ರೆ ತಗೊಳ್ಳೋರ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ನಲ್ವತ್ತೈದು ದಾಟಿದ ಪ್ರತಿ ಮನೇಲೂ ಒಂದು ಮಾತ್ರೆ ಡಬ್ಬಿ ಇದೆ. ಶುಗರ್ ಮಾತ್ರೆ ಇಲ್ಲ ಇನ್ಸುಲಿನ್ ತಗೊಳ್ಳೋರಿಗೆ ಲೋಳೆಸರನೂ ಸ್ವಲ್ಪ ಶುಗರ್ ಇಳಿಸ್ಬಹುದು, ಎರಡೂ ಸೇರಿ ಜಾಸ್ತಿ ಇಳಿದ್ರೆ ಬೆವರು, ನಡುಕ, ತಲೆಸುತ್ತು. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು, ಹಾರ್ಟಿಗೆ ಡಿಗಾಕ್ಸಿನ್ ತಗೊಳ್ಳೋರು, ಕಾಲಿನ ಊತಕ್ಕೆ ಅಂತ ಮೂತ್ರ ಹೋಗೋ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಶುರು ಮಾಡ್ಲೇಬೇಡಿ, ಭೇದಿಯಾಗಿ ಪೊಟ್ಯಾಸಿಯಂ ಇಳಿದ್ರೆ ಡಿಗಾಕ್ಸಿನ್ ವಿಷದ ತರ ಕೆಲಸ ಮಾಡ್ತದೆ. ಆಪರೇಷನ್ ಇದ್ರೆ ಎರಡು ವಾರ ಮುಂಚೆನೇ ನಿಲ್ಲಿಸಿ, ಮತ್ತೆ ಅರವಳಿಕೆ ಕೊಡೋರಿಗೆ ತಗೊಳ್ತಿದ್ದೆ ಅಂತ ಹೇಳಿ. ಉಳಿದ ಯಾವ ಮಾತ್ರೆ ಆದ್ರೂ ಲೋಳೆಸರಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರ್ಲಿ.

ಹಂತ 2: ಸರಿಯಾದ ಗಿಡ, ಸರಿಯಾದ ಎಲೆ

ಬೇಲಿ ಸಾಲಲ್ಲಿ ಬೆಳೆಯೋ ಕತ್ತಾಳೆ, ಭೂತಾಳೆ ಬೇರೆ ಗಿಡ, ಅದನ್ನ ತಿನ್ನೋ ಹಾಗಿಲ್ಲ. ಅದರ ರಸದಲ್ಲಿ ಸೂಜಿ ಆಕಾರದ ಹರಳು ಇರ್ತಾವೆ, ಕೈಗೆ ತಾಗಿದ್ರೇ ತುರಿಕೆ, ಗಂಟಲಿಗೆ ಹೋದ್ರೆ ಕೇಳ್ಬೇಡಿ. ಗುರುತು ಹಿಡಿಯೋದು ಕಷ್ಟ ಅಲ್ಲ. ಕತ್ತಾಳೆ ಎಲೆ ತುದಿಗೆ ಗಟ್ಟಿ ಮುಳ್ಳು ಇರ್ತದೆ, ಎಲೆ ಮುರಿದ್ರೆ ಹಗ್ಗ ಮಾಡೋ ಅಂತ ನಾರು ಬರ್ತದೆ. ಲೋಳೆಸರದ ಎಲೆ ತುದಿ ಮೆತ್ತಗೆ, ಅಂಚಲ್ಲಿ ಚಿಕ್ಕ ಬಿಳಿ ಹಲ್ಲು, ಮುರಿದ್ರೆ ನಾರಿಲ್ಲ, ಬರೀ ಲೋಳೆ, ಹೂವು ಬಂದ್ರೆ ಹಳದಿ. ನರ್ಸರಿಗಳಲ್ಲಿ ಚಂದಕ್ಕೆ ಅಂತ ಮಾರೋ ಕೆಂಪು ಕೇಸರಿ ಹೂವಿನ ಚಿಕ್ಕ ಜಾತಿಗಳೂ ಇದಾವೆ, ಅವು ಶೋಗೆ ಇರ್ಲಿ. ಡೌಟ್ ಇದ್ರೆ ಹೊಟ್ಟೆಗೆ ಹಾಕ್ಬೇಡಿ, ಅಷ್ಟೇ.

ಎಲೆ ಆರಿಸ್ವಾಗ ಬುಡದಲ್ಲಿರೋ ಹೊರಗಿನ ದಪ್ಪ ಎಲೆ ತಗೊಳ್ಳಿ, ಗಿಡಕ್ಕೆ ಎರಡು ಮೂರು ವರ್ಷ ಆಗಿರ್ಬೇಕು. ಮಧ್ಯದ ಎಳೆ ಎಲೆ ಕಿತ್ರೆ ಗಿಡ ಸೊರಗ್ತದೆ, ಲೋಳೆನೂ ಸಿಗಲ್ಲ. ರೋಡ್ ಪಕ್ಕದ್ದು, ಮೋರಿ ಪಕ್ಕದ್ದು ಬೇಡ. ಅಡಿಕೆ ತೋಟದ ಒಳಗಿರೋದಾದ್ರೆ ಮಳೆಗಾಲದಲ್ಲಿ ಬೋರ್ಡೋ ಹೊಡೆದಾಗ ಸುಣ್ಣ ಮೈಲುತುತ್ತ ಎಲ್ಲಾ ಅದ್ರ ಮೇಲೇ ಬಿದ್ದಿರ್ತದೆ, ಅಂಥ ಗಿಡದ್ದು ಹೊಟ್ಟೆಗೆ ತಗೋಬೇಡಿ, ಮನೆ ಹತ್ರದ್ದೇ ಒಂದು ಗಿಡ ಇದಕ್ಕೆ ಅಂತ ಇಟ್ಕೊಳ್ಳಿ.

ಹಂತ 3: ಹಳದಿ ಇಳಿಸಿ, ಲೋಳೆ ಬಿಡಿಸೋದು

ಇದು ಮುಖ್ಯ ಕೆಲಸ, ಅರ್ಜೆಂಟಲ್ಲಿ ಮಾಡ್ಬೇಡಿ.

ಎಲೆಯನ್ನ ಬುಡದ ಹತ್ರ ಚಾಕುಲಿ ನೀಟಾಗಿ ಕೊಯ್ಯಿರಿ. ಕೊಯ್ದ ತಕ್ಷಣ ಒಂದು ಲೋಟದಲ್ಲಿ ಕೊಯ್ದ ಬದಿ ಕೆಳಗೆ ಬರೋ ಹಾಗೆ ನೆಟ್ಟಗೆ ನಿಲ್ಸಿ. ಲೋಟ ಸ್ಟೀಲಿಂದು ಆಗ್ಲಿ, ಪ್ಲಾಸ್ಟಿಕ್ಕಿಗೆ ಕಲೆ ಹಿಡಿದ್ರೆ ಹೋಗಲ್ಲ. ಕಡಿಮೆ ಅಂದ್ರೆ ಅರ್ಧ ಗಂಟೆ, ಒಂದು ಗಂಟೆ ಬಿಟ್ರೆ ಇನ್ನೂ ಒಳ್ಳೇದು. ಲೋಟದ ತಳದಲ್ಲಿ ಹಳದಿ-ಕಂದು ರಸ ಸೇರಿರ್ತದೆ, ಅದನ್ನ ಚೆಲ್ಲಿ. "ಅಯ್ಯೋ ಇದ್ರಲ್ಲೇ ಸತ್ವ ಇರೋದು" ಅಂತ ಅದನ್ನ ಎತ್ತಿಡೋ ಹಿರಿಯರು ಇದಾರೆ, ಅವ್ರು ಹೇಳೋದ್ರಲ್ಲೂ ಒಂದು ಲೆಕ್ಕ ಇದೆ, ಇದನ್ನೇ ಒಣಗಿಸಿದ್ರೆ ಗ್ರಂಥಿಗೆ ಅಂಗಡಿಯಲ್ಲಿ ಸಿಗೋ ಕಪ್ಪು ಕರಿಬೋಳ. ಆಯುರ್ವೇದದಲ್ಲಿ ಅದಕ್ಕೆ ಜಾಗ ಇದೆ, ಆದ್ರೆ ವೈದ್ಯರು ನಾಡಿ ನೋಡಿ, ಬೇರೆ ದ್ರವ್ಯ ಸೇರಿಸಿ, ಇಷ್ಟೇ ದಿನ ಅಂತ ಅಳೆದು ಕೊಡೋದದು, ನಾವು ಅಡುಗೆಮನೇಲಿ ಅಂದಾಜಲ್ಲಿ ಮಾಡೋದಲ್ಲ.

ರಸ ಇಳಿದ ಮೇಲೆ ಎಲೆ ತೊಳೀರಿ. ಬುಡದ ಬಿಳಿ ಭಾಗ ಒಂದಿಂಚು, ತುದಿ ಎರಡಿಂಚು ಕತ್ತರಿಸಿ ಬಿಸಾಕಿ, ಹಳದಿ ಜಾಸ್ತಿ ಉಳಿಯೋದು ಬುಡದಲ್ಲೇ. ಎರಡೂ ಅಂಚಿನ ಮುಳ್ಳು ಉದ್ದಕ್ಕೆ ತೆಗೀರಿ. ಎಲೆಯನ್ನ ಮಣೆ ಮೇಲೆ ಅಂಗಾತ ಮಲಗಿಸಿ ಮೇಲಿನ ಸಿಪ್ಪೆಯನ್ನ ಚಪ್ಪಟೆ ಚಾಕುಲಿ ತೆಗೀಬೇಕು, ಮೀನಿನ ಚರ್ಮ ಬಿಡಿಸಿದ ಹಾಗೆ, ಚಾಕು ಲೋಳೆ ಕಡೆಗೇ ಸ್ವಲ್ಪ ಒಳಗೆ ಹೋಗ್ಲಿ, ಲೋಳೆ ಒಂಚೂರು ವೇಸ್ಟ್ ಆದ್ರೂ ಪರವಾಗಿಲ್ಲ. ಸಿಪ್ಪೆಗೆ ತಾಗಿರೋ ಲೋಳೆಯನ್ನ ಚಮಚದಲ್ಲಿ ಕೆರೆದು ಕೆರೆದು ತೆಗೀತಾರೆ ನೋಡಿ, ಅದೇ ಮಾಡ್ಬಾರ್ದ ಕೆಲಸ, ಹಳದಿ ಇರೋದೇ ಅಲ್ಲಿ. ಕೆರೆದಿದ್ದು ಕೈಗೆ ಮುಖಕ್ಕೆ ಹಚ್ಕೊಳ್ಳಿ ಬೇಕಾದ್ರೆ, ಅದೂ ಚರ್ಮ ಉರಿಯಲ್ಲ ಅಂತ ಗೊತ್ತಿದ್ರೆ.

ಆಮೇಲೆ ತಿರುಗಿಸಿ ಕೆಳಗಿನ ಸಿಪ್ಪೆನೂ ತೆಗೀರಿ. ಕೈಯಲ್ಲಿ ಗಾಜಿನ ತರ ಹೊಳೆಯೋ ಒಂದು ಪಟ್ಟಿ ಸಿಗ್ತದೆ, ಅದ್ರಲ್ಲಿ ಹಸಿರು ಚುಕ್ಕೆ, ಹಳದಿ ಗೆರೆ ಕಂಡ್ರೆ ಆ ಭಾಗ ಕೊಯ್ದು ಬಿಡಿ. ಹರಿಯೋ ನೀರಲ್ಲಿ ಚೆನ್ನಾಗಿ ತೊಳೀರಿ, ಅರ್ಧ ಇಂಚಿನ ತುಂಡು ಮಾಡಿ ಪಾತ್ರೆ ನೀರಲ್ಲಿ ಹತ್ತು ನಿಮಿಷ ನೆನೆಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರು. ನೀರಿಗೆ ಸ್ವಲ್ಪನೂ ಹಳದಿ ಬಣ್ಣ ಬರದೇ ಇರೋವರೆಗೆ ಹಿಂಗೇ ಮಾಡಿ.

ಕೊನೇ ಪರೀಕ್ಷೆ ನಾಲಿಗೆದು. ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ. ಸಪ್ಪೆ, ಸ್ವಲ್ಪ ಹುಲ್ಲಿನ ವಾಸನೆ, ಅಷ್ಟೇ ಇದ್ರೆ ಸರಿ. ಕಹಿ ಬಂದ್ರೆ ಹಳದಿ ಇನ್ನೂ ಇದೆ ಅಂತ ಅರ್ಥ, ಉಗಿದು ಮತ್ತೆ ತೊಳೀರಿ. ಜೇನು, ಬೆಲ್ಲ ಹಾಕಿ ಕಹಿ ಮುಚ್ಚಿ ಕುಡಿಯೋ ಐಡಿಯಾ ಬೇಡವೇ ಬೇಡ, ನಿಮಗೆ ಮನೇಲಿರೋ ಏಕೈಕ ಟೆಸ್ಟ್ ಅದು, ಅದನ್ನೇ ಹಾಳು ಮಾಡ್ಕೊಂಡ್ರೆ ಹೆಂಗೆ.

ಬಿಡಿಸಿದ ಲೋಳೆ ಗಾಳಿಗೆ ಬೇಗ ಕೆಡ್ತದೆ, ಬಣ್ಣ ತಿರುಗ್ತದೆ. ಮುಚ್ಚಳದ ಡಬ್ಬಿಲಿ ಫ್ರಿಜ್ಜಲ್ಲಿಟ್ರೆ ಎರಡು ದಿನ, ಅದಕ್ಕಿಂತ ಜಾಸ್ತಿ ಬೇಡ. ಕರೆಂಟು ಮಳೆಗಾಲದಲ್ಲಿ ಮೂರು ದಿನ ಬರದೇ ಇರೋ ಊರಲ್ಲಿ ಆದ್ರೆ ಅವತ್ತಿಂದು ಅವತ್ತೇ ಮುಗಿಸಿ.

ಹಂತ 4: ಎಷ್ಟು, ಯಾವಾಗ, ಎಷ್ಟು ದಿನ

ಮೊದಲ ದಿನ ಒಂದು ಟೀ ಚಮಚ ಸಾಕು. ಅದನ್ನ ನೀರು ಮಜ್ಜಿಗೆಯಲ್ಲಿ ಕದಡಿ ಕುಡಿದು 24 ಗಂಟೆ ನೋಡಿ, ತುರಿಕೆ, ಹೊಟ್ಟೆ ನುಲಿತ, ಭೇದಿ ಏನೂ ಇಲ್ಲ ಅಂದ್ರೆ ಮಾರನೇ ದಿನ ಎರಡು ಚಮಚ. ನಿಧಾನಕ್ಕೆ ದಿನಕ್ಕೆ ಎರಡು ಟೇಬಲ್ ಚಮಚ, ಅಂದ್ರೆ ಸುಮಾರು 30 ಮಿಲಿ, ಅಲ್ಲಿಗೆ ನಿಲ್ಸಿ. ಕೆಲವು ಆಸ್ಪತ್ರೆ ಪರೀಕ್ಷೆಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟಿದಾರೆ, ಆದ್ರೆ ಅದು ಶುದ್ಧ ಮಾಡಿದ ಲೋಳೆ, ಡಾಕ್ಟ್ರು ಎದುರಿಗಿದ್ರು. ನಮ್ಮ ಮಣೆ ಚಾಕುವಿನ ಶುದ್ಧಿಗೆ 30 ಮಿಲಿನೇ ಧಾರಾಳ.

ಖಾಲಿ ಹೊಟ್ಟೇಲೇ ಕುಡೀಬೇಕು ಅನ್ನೋದಕ್ಕೆ ಗಟ್ಟಿ ಆಧಾರ ಏನಿಲ್ಲ. ಅಸಿಡಿಟಿ ಇರೋರಿಗೆ ಊಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹಿತ ಅನ್ನಿಸ್ಬಹುದು, ಉಳಿದವ್ರು ಊಟದ ಜೊತೆಗೇ ತಗೊಳ್ಳಿ. ಎರಡು ವಾರದಿಂದ ನಾಲ್ಕು ವಾರ ನೋಡಿ. ಅಷ್ಟರಲ್ಲಿ ಏನೂ ಫರಕ್ ಕಾಣ್ಲಿಲ್ಲ ಅಂದ್ರೆ ನಿಮ್ಮ ಹೊಟ್ಟೆಗೆ ಇದು ಕೆಲಸ ಮಾಡಲ್ಲ ಅಂತ, ಹಠಕ್ಕೆ ಬಿದ್ದು ಡೋಸ್ ಏರಿಸೋದ್ರಲ್ಲಿ ಅರ್ಥ ಇಲ್ಲ. ಕೆಲಸ ಮಾಡಿದ್ರೂ ವರ್ಷಗಟ್ಟಲೆ ದಿನಾ ಕುಡಿಯೋ ಅಭ್ಯಾಸ ಮಾಡ್ಕೋಬೇಡಿ. ವಾರಕ್ಕೆ ಒಂದೆರಡು ಸಲ ಅಡುಗೆಲಿ ಬಂದ್ರೆ ಚಂದ.

ಹಂತ 5: ತಂಬುಳಿ

ಜ್ಯೂಸಿಗಿಂತ ನನಗೆ ಇದೇ ಸರಿ ಅನ್ಸೋದು. ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಕೈಗೆ ಸಿಕ್ಕಿದ್ದೆಲ್ಲ ತಂಬುಳಿ ಮಾಡೋ ಊರು ನಮ್ದು, ಲೋಳೆಸರ ಬಿಟ್ರೆ ಆಗ್ತದಾ. ಮಜ್ಜಿಗೆ, ಜೀರಿಗೆ, ಕಾಳುಮೆಣಸು ಜೊತೆಗಿರೋದ್ರಿಂದ ಹೊಟ್ಟೆಗೆ ಹಿತ, ಪ್ರಮಾಣನೂ ತಾನಾಗೇ ಮಿತಿಯಲ್ಲಿರ್ತದೆ, ಯಾರೂ ತಂಬುಳಿಯನ್ನ ಲೀಟರ್ ಗಟ್ಟಲೆ ಕುಡಿಯಲ್ಲ.

ನಾಲ್ಕು ಜನಕ್ಕೆ ಹೇಳ್ತೀನಿ. ಹಂತ 3ರಲ್ಲಿ ಹೇಳಿದ ಹಾಗೆ ತೊಳೆದ ಲೋಳೆ ತುಂಡು ಅರ್ಧ ಕಪ್, ಕಾಯಿತುರಿ ಅರ್ಧ ಕಪ್, ಜೀರಿಗೆ ಒಂದು ಚಮಚ, ಕಾಳುಮೆಣಸು ಐದಾರು, ಹುಳಿ ಜಾಸ್ತಿ ಇಲ್ಲದ ಮಜ್ಜಿಗೆ ಎರಡು ಕಪ್, ಉಪ್ಪು. ಒಂದು ಸಣ್ಣ ಪಾತ್ರೆಲಿ ನೀರು ಕುದಿಸಿ ಲೋಳೆ ತುಂಡು ಹಾಕಿ ಎರಡು ನಿಮಿಷ ಬಿಟ್ಟು ಸೋಸಿ, ಆ ನೀರು ಚೆಲ್ಲಿ. ಕುದಿಸಿದ್ರೆ ಆ ಉದ್ದ ಸಕ್ಕರೆ ಸರಪಳಿ ಸ್ವಲ್ಪ ಒಡೀತದೆ ನಿಜ, ಆದ್ರೆ ಉಳಿದಿರೋ ಕಹಿಯೂ ನೀರಿಗೆ ಇಳೀತದೆ, ನನ್ನ ಪ್ರಕಾರ ಈ ವ್ಯಾಪಾರದಲ್ಲಿ ಲಾಭನೇ. ಒಂದು ಚಮಚ ತುಪ್ಪದಲ್ಲಿ ಜೀರಿಗೆ ಮೆಣಸು ಘಮ್ ಅನ್ನೋವರೆಗೆ ಹುರಿದು, ಅದೇ ಬಾಣಲೆಲಿ ಲೋಳೆ ತುಂಡನ್ನೂ ಒಂದು ಸುತ್ತು ಬಾಡಿಸಿ. ಆರಿದ ಮೇಲೆ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಸೇರಿಸಿ, ಉಪ್ಪು ಹಾಕಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡಿ. ಮಜ್ಜಿಗೆ ಸೇರಿದ ಮೇಲೆ ಬಿಸಿ ಮಾಡೋ ಹಾಗಿಲ್ಲ, ಒಡೀತದೆ. ಬಿಸಿ ಅನ್ನಕ್ಕೆ ಕಲಸಿ ತಿಂದು, ಕೊನೆಗೆ ಲೋಟದಲ್ಲಿ ಒಂದಿಷ್ಟು ಕುಡಿದ್ರೆ ಆಯ್ತು. ಅಸಿಡಿಟಿ ಜೋರಿದ್ದೋರು ಮೆಣಸು ಎರಡಕ್ಕೆ ಇಳಿಸಿ, ಒಣಮೆಣಸು ಬಿಡಿ.

ಹಂತ 6: ಯಾವ ತೊಂದರೆಗೆ ಎಷ್ಟು ನಿರೀಕ್ಷೆ ಇಟ್ಕೋಬೇಕು

ಮಲಬದ್ಧತೆ. ಇಲ್ಲಿ ಒಂದು ತಮಾಷೆ ಇದೆ. ಲೋಳೆಸರ ಮಲಬದ್ಧತೆಗೆ ರಾಮಬಾಣ ಅನ್ನೋ ಹೆಸರು ಬಂದಿದ್ದೇ ಹಳದಿ ರಸದಿಂದ, ನಾವು ಇಷ್ಟೊತ್ತು ತೊಳೆದು ಚೆಲ್ಲಿದ್ದೂ ಅದನ್ನೇ. ಹಂಗಾಗಿ ಶುದ್ಧ ಲೋಳೆ ತಗೊಂಡ್ರೆ ಬೆಳಿಗ್ಗೆ ಓಡೋ ತರ ಏನೂ ಆಗಲ್ಲ, ನೀರಿನಂಶ, ಜಾರು ಗುಣದಿಂದ ಸ್ವಲ್ಪ ಸಲೀಸಾಗ್ಬಹುದು ಅಷ್ಟೇ. ಮಲಬದ್ಧತೆಗೆ ನಿಜವಾಗ್ಲೂ ಕೆಲಸ ಮಾಡೋದು ನಾರು ಮತ್ತು ನೀರು. ಮಳೆಗಾಲದಲ್ಲಿ ನಮ್ಮ ಕಡೆ ಈ ದೂರು ಜಾಸ್ತಿ ಆಗೋದು ಯಾಕೆ ನೋಡಿ, ಥಂಡಿಗೆ ಬಾಯಾರಿಕೆನೇ ಆಗಲ್ಲ, ದಿನಕ್ಕೆ ನಾಲ್ಕು ಸಲ ಕಾಫಿ, ನೀರು ಮಾತ್ರ ಎರಡು ಲೋಟ, ತರಕಾರಿ ಕಡಿಮೆ, ಜೊತೆಗೆ ಕಡುಬು, ಅಕ್ಕಿರೊಟ್ಟಿ, ಹಪ್ಪಳ. ಬಿಸಿನೀರು ಪಕ್ಕದಲ್ಲೇ ಇಟ್ಕೊಂಡು ಕುಡೀರಿ, ಬಾಳೆದಿಂಡಿನ ಪಲ್ಯ, ಬಸಳೆ, ಹರಿವೆ, ಪತ್ರೊಡೆ ಮಾಡಿ, ಕುಚ್ಚಲಕ್ಕಿ ಇಲ್ಲ ಕೆಂಪಕ್ಕಿ ಉಣ್ಣಿ, ಬೇಕಾದ್ರೆ ರಾತ್ರಿ ಇಸಬ್ಗೋಲು ಒಂದು ಲೋಟ ನೀರಲ್ಲಿ. ಮತ್ತೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೆಲವು ನೋವಿನ ಮಾತ್ರೆ ತಗೊಂಡ್ರೂ ಮಲ ಗಟ್ಟಿ ಆಗ್ತದೆ, ಥೈರಾಯ್ಡ್ ಕಡಿಮೆ ಇದ್ರೂ ಆಗ್ತದೆ. ಆ ಕಾರಣ ಹುಡುಕದೇ ಲೋಳೆಸರ ಕುಡಿದು ಏನು ಪ್ರಯೋಜನ.

ಎದೆಯುರಿ, ಹುಳಿತೇಗು. ಇರಾನಿನಲ್ಲಿ 79 ಜನರ ಮೇಲೆ ಒಂದು ಚಿಕ್ಕ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ರು, ಒಂದು ಗುಂಪಿಗೆ ದಿನಕ್ಕೆ 10 ಮಿಲಿ ಲೋಳೆಸರದ ಸಿರಪ್, ಇನ್ನೆರಡು ಗುಂಪಿಗೆ ಓಮೆಪ್ರಜೋಲ್, ರಾನಿಟಿಡಿನ್ ಅನ್ನೋ ಅಸಿಡಿಟಿ ಮಾತ್ರೆ. ನಾಲ್ಕು ವಾರದಲ್ಲಿ ಸಿರಪ್ ಕುಡಿದವ್ರಿಗೂ ಎದೆಯುರಿ, ತೇಗು ಕಡಿಮೆ ಆಗಿತ್ತು. ಒಳ್ಳೇ ಸುದ್ದಿನೇ, ಆದ್ರೆ 79 ಜನ ಅಂದ್ರೆ ಒಂದು ಮದುವೆ ಊಟದ ಮೊದಲ ಪಂಕ್ತಿಯಷ್ಟೂ ಅಲ್ಲ, ಅದನ್ನ ನಂಬಿ ಡಾಕ್ಟ್ರು ಕೊಟ್ಟ ಮಾತ್ರೆ ಬಿಡ್ಬೇಡಿ. ಅಡಿಕೆ ಸುಲಿಯೋ ಸೀಸನ್ನಲ್ಲಿ ರಾತ್ರಿ ಹನ್ನೊಂದಕ್ಕೆ ಉಂಡು ತಕ್ಷಣ ಮಲಗೋದು, ಬಾಯಲ್ಲಿ ಸದಾ ಎಲೆ ಅಡಿಕೆ ಹೊಗೆಸೊಪ್ಪು, ಮೇಲೆ ಸ್ಟ್ರಾಂಗ್ ಕಾಫಿ, ಇದೆಲ್ಲ ನಡೀತಾ ಇರುವಾಗ ಎರಡು ಚಮಚ ಲೋಳೆ ಎಷ್ಟು ಅಂತ ಹೋರಾಡ್ಬೇಕು ಪಾಪ. ಊಟಕ್ಕೂ ಮಲಗೋಕೂ ಮೂರು ಗಂಟೆ ಅಂತರ ಇಟ್ಟು, ತಲೆ ಕಡೆ ಮಂಚ ಸ್ವಲ್ಪ ಎತ್ತರ ಮಾಡಿ, ಆಮೇಲೆ ಲೋಳೆಸರ ನೋಡಿ. ಇನ್ನೊಂದು, ಎದೆಯುರಿ ಅಂದ್ಕೊಂಡಿದ್ದು ಎಡಗೈಗೆ, ದವಡೆಗೆ ಹರಡ್ತಾ ಇದ್ರೆ, ಬೆವರು ಬರ್ತಾ ಇದ್ರೆ ಅದು ಹಾರ್ಟ್ ಇರ್ಬಹುದು. ಮಜ್ಜಿಗೆ ಹುಡುಕ್ತಾ ಕೂರ್ಬೇಡಿ, ಆಂಬ್ಯುಲೆನ್ಸಿಗೆ 108 ಮಾಡಿ.

ಕರುಳಿನ ಹುಣ್ಣಿನ ಕಾಯಿಲೆ, ಡಾಕ್ಟ್ರು ಅಲ್ಸರೇಟಿವ್ ಕೊಲೈಟಿಸ್ ಅಂತ ಬರೆದಿರ್ತಾರಲ್ಲ ಅದು. ಇದರ ಬಗ್ಗೆ ಲಂಡನ್ನಿನ ಪರೀಕ್ಷೆ ಒಂದಿದೆ, 2004ರದ್ದು. 44 ರೋಗಿಗಳು, ದಿನಕ್ಕೆರಡು ಸಲ 100 ಮಿಲಿ ಲೋಳೆ, ನಾಲ್ಕು ವಾರ. ಲೋಳೆ ಕುಡಿದ 30 ಜನರಲ್ಲಿ 9 ಜನಕ್ಕೆ ಕಾಯಿಲೆ ಲಕ್ಷಣ ಪೂರ್ತಿ ಶಾಂತ ಆಯ್ತು, ಸುಮ್ನೆ ಹುಸಿ ದ್ರವ ಕುಡಿದ 14 ಜನರಲ್ಲಿ ಒಬ್ಬರಿಗೆ ಮಾತ್ರ. ಆಸೆ ಹುಟ್ಟಿಸೋ ಅಂಕಿ, ಆದ್ರೆ ತುಂಬಾ ಚಿಕ್ಕದು. ಈ ಕಾಯಿಲೆ ಇರೋರು ಮನೇಲಿ ಬಿಡಿಸಿದ ಲೋಳೆ ತಗೊಳ್ಳೋದು ಬೇಡ ಅಂತಲೇ ನಾನು ಹೇಳೋದು, ಹಳದಿ ಒಂಚೂರು ಉಳಿದ್ರೂ ಮೊದಲೇ ಉರಿಯೂತ ಇರೋ ಕರುಳನ್ನ ಅದು ಇನ್ನೂ ಕೆರಳಿಸ್ತದೆ.

ಐಬಿಎಸ್, ಅಂದ್ರೆ ಟೆನ್ಷನ್ ಆದ್ರೆ ಹೊಟ್ಟೆ ಕೆಡೋದು, ಒಂದಿನ ಭೇದಿ ಒಂದಿನ ಮಲಬದ್ಧತೆ. ಇದಕ್ಕೆ ಪರೀಕ್ಷೆಗಳ ಫಲಿತಾಂಶ ಮಿಶ್ರ, ಕೆಲವ್ರಲ್ಲಿ ಅನುಕೂಲ, ಕೆಲವು ಪರೀಕ್ಷೆಲಿ ಏನೂ ವ್ಯತ್ಯಾಸ ಇಲ್ಲ. ಮೇಲೆ ಹೇಳಿದ ಸಣ್ಣ ಡೋಸಲ್ಲಿ ನೋಡ್ಬಹುದು. ಗ್ಯಾಸಿಗೆ ಲೋಳೆಸರಕ್ಕಿಂತ ಓಂಕಾಳು, ಜೀರಿಗೆ ಕಷಾಯನೇ ವಾಸಿ ಅಂತ ನನ್ನ ಅಭಿಪ್ರಾಯ, ಹಲಸಿನಹಣ್ಣಿನ ಕಾಲದಲ್ಲಂತೂ ತಿನ್ನೋದನ್ನೇ ನಾಲ್ಕು ತೊಳೆ ಕಡಿಮೆ ಮಾಡಿದ್ರೆ ಸಾಕು.

"ದೇಹದ ವಿಷ ಹೊರಹಾಕ್ತದೆ", "ಹದಿನೈದು ದಿನದಲ್ಲಿ ಹೊಟ್ಟೆ ಬೊಜ್ಜು ಕರಗ್ತದೆ" ಅನ್ನೋದೆಲ್ಲ ಬಿಟ್ಬಿಡಿ. ವಿಷ ಹೊರಹಾಕೋಕೆ ಲಿವರ್, ಕಿಡ್ನಿ ಇದಾವೆ, ಭೇದಿ ಆಗಿ ತೂಕ ಇಳಿದ್ರೆ ಅದು ನೀರು ಇಳಿದಿದ್ದು.

ಹಂತ 7: ಬಾಟಲಿ ಕೊಳ್ಳೋರಿಗೆ

ಪೇಟೇಲಿ ಗಿಡ ಇಲ್ಲ, ಟೈಮಿಲ್ಲ ಅನ್ನೋರು ಜ್ಯೂಸ್ ಬಾಟಲಿ ತಗೊಳ್ತಾರೆ. ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. "ಇನ್ನರ್ ಲೀಫ್" ಅಂತ ಇದ್ರೆ ಒಳಗಿನ ಲೋಳೆ, "ಹೋಲ್ ಲೀಫ್" ಅಂತ ಇದ್ರೆ ಪೂರ್ತಿ ಎಲೆ. ಪೂರ್ತಿ ಎಲೆ ಆದ್ರೂ ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದಿದ್ರೆ, ಅಂದ್ರೆ "ಡೀಕಲರೈಸ್ಡ್" ಅಂತ ಇದ್ರೆ ಹಳದಿ ಅಂಶ ಬಹುಪಾಲು ಹೋಗಿರ್ತದೆ. ಅಲೋಯಿನ್ ಪ್ರಮಾಣ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ) ಒಳಗೆ ಅಂತ ಬರೆದಿದ್ರೆ ಇನ್ನೂ ನಂಬಿಕೆ, ಕುಡಿಯೋ ಪದಾರ್ಥಗಳಿಗೆ ಆ ಉದ್ಯಮದವ್ರೇ ಹಾಕ್ಕೊಂಡಿರೋ ಮಿತಿ ಅದು. ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐದು 14 ಅಂಕಿಯ ಲೈಸೆನ್ಸ್ ನಂಬರ್ ಇರ್ಲೇಬೇಕು. ಐಎನ್‌ಎಸ್ 211, 202 ಅಂತ ಕಂಡ್ರೆ ಅವು ಕೆಡದೇ ಇರೋಕೆ ಹಾಕೋ ಪ್ರಿಸರ್ವೇಟಿವ್, 330 ಅಂದ್ರೆ ಸಿಟ್ರಿಕ್ ಆಸಿಡ್, ತಿಂಗಳುಗಟ್ಟಲೆ ಇಡೋ ಬಾಟಲಿ ಅಂದ್ಮೇಲೆ ಇವು ಇದ್ದೇ ಇರ್ತಾವೆ, ಹೆದರೋದೇನಿಲ್ಲ. ಶುಗರ್ ಇರೋರು ಸಕ್ಕರೆ ಎಷ್ಟಿದೆ ನೋಡಿ, ಕೆಲವು ಬಾಟಲಿ ಶರಬತ್ತೇ. ಓಪನ್ ಮಾಡಿದ ಮೇಲೆ ಫ್ರಿಜ್ಜಲ್ಲಿಟ್ಟು ಲೇಬಲ್ಲಲ್ಲಿ ಹೇಳಿದ ದಿನದೊಳಗೆ ಮುಗಿಸಿ.

ಕುಮಾರ್ಯಾಸವ ಬೇರೆ, ಜ್ಯೂಸ್ ಬೇರೆ. ಅದು ಲೋಳೆಸರದ ರಸಕ್ಕೆ ಬೆಲ್ಲ, ಮೂಲಿಕೆ ಸೇರಿಸಿ ಹುಳಿಸಿ ಮಾಡೋ ಆಯುರ್ವೇದ ಔಷಧಿ, ವೈದ್ಯರ ಮಾತು ಕೇಳಿ ಮಾತ್ರ ತಗೊಳ್ಳಿ.

ಹಂತ 8: ಯಾವಾಗ ನಿಲ್ಲಿಸ್ಬೇಕು

ನೀರುಭೇದಿ, ಹೊಟ್ಟೆ ನುಲಿತ, ಮೈಮೇಲೆ ದದ್ದು, ಕಾಲು ಸೆಳೆತ, ಎದೆ ಡವಡವ, ಇವು ಕಂಡ್ರೆ ಅವತ್ತೇ ನಿಲ್ಲಿಸಿ. ಕಣ್ಣು ಹಳದಿ ಆಯ್ತು, ಮೂತ್ರ ಗಾಢ ಬಣ್ಣಕ್ಕೆ ತಿರುಗ್ತು ಅಂದ್ರೆ ಲಿವರ್ ವಿಷಯ, ಡಾಕ್ಟ್ರ ಹತ್ರ ಹೋಗಿ, ಲೋಳೆಸರ ತಗೊಳ್ತಿದ್ದೆ ಅಂತ ಮರೀದೇ ಹೇಳಿ. ನಾಚ್ಕೊಂಡು ಮುಚ್ಚಿಟ್ರೆ ಅವ್ರು ಬೇರೆಲ್ಲ ಹುಡುಕ್ತಾ ಕೂರ್ತಾರೆ.

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣ ಇಲ್ದೆ ತೂಕ ಇಳಿಯೋದು, ನುಂಗೋಕೆ ಕಷ್ಟ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವುಗಳಿಗೆ ಲೋಳೆಸರ ಪ್ರಯೋಗ ಮಾಡ್ಲೇಬೇಡಿ. ಮೊದ್ಲು ಪೈಲ್ಸ್ ಅಂದ್ಕೊಂಡು ಆರು ತಿಂಗಳು ಮನೆಮದ್ದು ಮಾಡಿ ಆಮೇಲೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡೋರನ್ನ ಮಲೆನಾಡಲ್ಲಿ ಎಲ್ಲಾ ಊರಲ್ಲೂ ನೋಡ್ತೀವಿ, ಆ ಆರು ತಿಂಗಳೇ ದುಬಾರಿ ಆಗೋದು.

ಮಳೆಗಾಲದಲ್ಲಿ ಗಿಡ ಉಳಿಸ್ಕೊಳ್ಳೋದು

ಲೋಳೆಸರ ಒಣ ಪ್ರದೇಶದ ಗಿಡ, ಅದನ್ನ ತಂದು ಜಡಿಮಳೆಲಿ ನಿಲ್ಸಿದ್ರೆ ಬುಡ ಕೊಳೀದೇ ಇರ್ತದಾ. ಶಿಕಾರಿಪುರ, ಶಿವಮೊಗ್ಗ ಪೇಟೆ ಕಡೆ ಹೇಗೋ ಬದುಕ್ತದೆ, ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟೋ ಆಗುಂಬೆ, ಹೊಸನಗರದ ಘಟ್ಟದಂಚಿನ ಊರುಗಳಲ್ಲಿ ನೆಲದಲ್ಲಿ ಬಿಟ್ರೆ ಶ್ರಾವಣದ ಹೊತ್ತಿಗೆ ಕರಗಿ ನೀರಾಗಿರ್ತದೆ. ಮೇ ಕೊನೆಗೇ ಕುಂಡಕ್ಕೆ ಎತ್ತಿ ಜಗಲಿ ಮೇಲೆ, ಸೂರಿನ ನೀರು ಬೀಳದ ಕಡೆ, ಬೆಳಕು ಬರೋ ಹಾಗೆ ಇಡಿ. ಮಣ್ಣಿಗೆ ಅರ್ಧದಷ್ಟು ಮರಳು ಇಲ್ಲ ಜಂಬಿಟ್ಟಿಗೆ ಪುಡಿ, ಕುಂಡದ ತಳಕ್ಕೆ ತೂತು ದೊಡ್ಡದಿರ್ಲಿ. ಸೆಪ್ಟೆಂಬರ್ ತನಕ ನೀರು ಹಾಕೋ ಗೋಜಿಗೇ ಹೋಗ್ಬೇಡಿ, ಗಾಳಿಯ ತೇವನೇ ಸಾಕು. ಆ ತಿಂಗಳುಗಳಲ್ಲಿ ಎಲೆ ಕೊಯ್ದ್ರೂ ಲೋಳೆ ನೀರು ನೀರಾಗಿರ್ತದೆ, ಕೊಯ್ದ ಗಾಯದಿಂದ ಗಿಡಕ್ಕೆ ಕೊಳೆನೂ ಹತ್ತಬಹುದು, ಹಂಗಾಗಿ ದೀಪಾವಳಿವರೆಗೆ ಗಿಡವನ್ನ ಅದರ ಪಾಡಿಗೆ ಬಿಡಿ. ನಾಯಿ ಬೆಕ್ಕು ಸಾಕಿದ್ರೆ ಕುಂಡ ಎತ್ತರದಲ್ಲಿರ್ಲಿ, ಅವಕ್ಕೂ ಆ ಹಳದಿ ರಸ ವಿಷ, ಮಳೆಗಾಲದಲ್ಲಿ ಹೊರಗೆ ಹೋಗೋಕಾಗ್ದೆ ಜಗಲಿಲೇ ಬಿದ್ದಿರೋ ನಾಯಿಮರಿ ಎದುರಿಗೆ ಸಿಕ್ಕಿದ್ದೆಲ್ಲ ಕಚ್ಚಿ ನೋಡ್ತದೆ.